ನಮ್ಮ ಕೆಲಸದ ಮಾತನ್ನು ನಾವೇ ಹೇಳಬಾರದೆ?



ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಮೂರೂವರೆ ಗಂಟೆಗೆ ಒಬ್ಬ ತರುಣ ನನ್ನ ಕೋಣೆಗೆ ಬಂದ. ಊಟದ ಗಲಾಟೆ ಇಳಿದು ಸಂಜೆಯ ತಿಂಡಿಯ ಗಲಾಟೆ ಏಳುವ ಮೊದಲು ಹೋಟೆಲಿನವರಿಗೆ ಸಿಕ್ಕುವ ಅಲ್ಪ ಬಿಡುವಿನ ಹೊತ್ತು ಅದು. ಅವನ ತಂದೆ ಕುಂದಾಪುರದ ಕಡೆಯವರು. ಮೂವತ್ತು ವರ್ಷದಿಂದ ಈ ಊರಿನಲ್ಲಿ ಸಪ್ಲೈಯರ್. ಹುಡುಗ ಡಿಪ್ಲೊಮಾ ಮುಗಿಸಿ, ಹೋಟೆಲುಗಳಿಗೆ ಆರ್ಡರಿನ ಮತ್ತು ಬಿಲ್ಲಿನ ತಂತ್ರಾಂಶ ಮಾಡಿಕೊಡುವ ಒಂದು ಸಣ್ಣ ಕಂಪೆನಿಯಲ್ಲಿ ಕೆಲಸಕ್ಕಿದ್ದಾನೆ. ಮುಖ ಸಣ್ಣದು ಮಾಡಿಕೊಂಡು ಒಂದು ಕಾಗದ ಮುಂದಿಟ್ಟ. ಯಾವುದೋ ಒಂದು ತಂತ್ರಜ್ಞಾನ ಸಮ್ಮೇಳನದಲ್ಲಿ ಉಪನ್ಯಾಸ ಕೊಡಲಿಕ್ಕೆ ಇವನು ಪ್ರಸ್ತಾಪ ಕಳುಹಿಸಿದ್ದನಂತೆ. ಅದು ಆಯ್ಕೆಯಾಗಲಿಲ್ಲವೆಂದು ಎರಡು ಸಾಲಿನ ಉತ್ತರ ಬಂದಿತ್ತು.

“ಮಾವ, ನಮ್ಮಂಥವರಿಗೆ ಅದು ಅಲ್ಲ ಬಿಡಿ,” ಎಂದ.

ಈ ಮಾತು ನನಗೆ ಹೊಸದಲ್ಲ. ನಾನು 1972ರಲ್ಲಿ ಮದರಾಸಿಗೆ ಬಂದು ಲೋಟ ತೊಳೆಯಲಿಕ್ಕೆ ನಿಂತಂದಿನಿಂದ ಕೇಳುತ್ತಿದ್ದೇನೆ. ಓದು ನಮ್ಮಂಥವರಿಗೆ ಅಲ್ಲ, ಬ್ಯಾಂಕು ನಮ್ಮಂಥವರಿಗೆ ಅಲ್ಲ, ಸಭೆಯಲ್ಲಿ ಎದ್ದು ನಿಂತು ಮಾತನಾಡುವುದು ನಮ್ಮಂಥವರಿಗೆ ಅಲ್ಲ. ಒಂದೊಂದಾಗಿ ಅವೆಲ್ಲ ನಮಗೂ ಆದುವು. ಆದುದರಿಂದ ನಾನು ಅವನಿಗೆ ಸಮಾಧಾನ ಹೇಳಲಿಕ್ಕೆ ಹೋಗದೆ, “ಕಳುಹಿಸಿದ್ದನ್ನು ಓದು, ಕೇಳೋಣ,” ಎಂದೆ.

ಓದಿದ. ಆತಿಥ್ಯ ಉದ್ಯಮದಲ್ಲಿ ಕೃತಕ ಬುದ್ಧಿಮತ್ತೆಯ ಕ್ರಾಂತಿ ಎಂದು ಶೀರ್ಷಿಕೆ. ಕೆಳಗೆ ಒಂದು ಪುಟದ ತುಂಬ ದೊಡ್ಡ ದೊಡ್ಡ ಶಬ್ದಗಳು. ಭವಿಷ್ಯ, ಪರಿವರ್ತನೆ, ಸಬಲೀಕರಣ. ಅರ್ಧ ಯಂತ್ರದ ಕೈಯಲ್ಲಿ ಬರೆಸಿದ್ದು, ಅರ್ಧ ಯಾರದ್ದೋ ನೋಡಿ ಇಳಿಸಿದ್ದು ಎಂದು ಅವನೇ ಒಪ್ಪಿಕೊಂಡ. ಹೋಟೆಲಿನ ಅಡಿಗೆಮನೆಯ ವಾಸನೆ ಆ ಕಾಗದಕ್ಕೆ ಎಲ್ಲಿಯೂ ತಾಗಿರಲಿಲ್ಲ. ಆರಿಸುವವರು ಆರಿಸದೆ ಇದ್ದದ್ದರಲ್ಲಿ ಅವರ ತಪ್ಪು ನನಗೆ ಕಾಣಲಿಲ್ಲ.

ಈ ಸಮ್ಮೇಳನಗಳೆಂದರೆ ಏನು ಎಂಬುದನ್ನು ನಮ್ಮ ಓದುಗರಲ್ಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಂಪ್ಯೂಟರ್ ಕೆಲಸದವರು ವರ್ಷಕ್ಕೊಮ್ಮೆ ಒಂದು ಕಡೆ ಸೇರಿ, ತಾವು ಮಾಡಿದ ಕೆಲಸವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಭೆಗಳಿವು. ಪೈಥಾನ್ ಎಂಬ ಭಾಷೆಯಲ್ಲಿ ತಂತ್ರಾಂಶ ಬರೆಯುವವರ ಪೈಕಾನ್ ಇಂಡಿಯಾ ಸಮ್ಮೇಳನ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ನಡೆಯಿತು. 2019ರ ಅಕ್ಟೋಬರಿನಲ್ಲಿ ನಮ್ಮ ಚೆನ್ನೈಗೇ ಬಂದು ನಂದಂಬಾಕ್ಕಂನ ವ್ಯಾಪಾರ ಕೇಂದ್ರದಲ್ಲಿ ನಡೆಯಿತು. ಇಂಥ ಸಭೆಯನ್ನು ನಡೆಸುವವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ತಿಂಗಳುಗಟ್ಟಲೆ ಮುಂಚೆ, ಮಾತನಾಡುವ ಮನಸ್ಸಿದ್ದವರು ಪ್ರಸ್ತಾಪ ಕಳುಹಿಸಿ ಎಂದು ಕರೆ ಕೊಡುತ್ತಾರೆ. ಏನು ಹೇಳುತ್ತೀರಿ, ಯಾರಿಗೆ ಹೇಳುತ್ತೀರಿ, ಕೇಳುವವರಿಗೆ ಮೊದಲೇ ಏನು ತಿಳಿದಿರಬೇಕು, ನೀವು ಯಾರು ಎಂಬಿಷ್ಟನ್ನು ಬರೆದುಕೊಡಬೇಕು. ಒಂದು ಮಂಡಲಿ ಕುಳಿತು ಓದಿ ಆರಿಸುತ್ತದೆ. ಕೆಲವು ಸಮ್ಮೇಳನಗಳಲ್ಲಿ ಮೊದಲ ಸುತ್ತಿಗೆ ಬರೆದವರ ಹೆಸರನ್ನೇ ಮುಚ್ಚಿಟ್ಟು ಓದುತ್ತಾರೆ. ಹಾಗಿರುವಲ್ಲಿ ನೀನು ಯಾರ ಮಗ, ಯಾವ ಕಾಲೇಜು ಎಂಬುದು ಎದ್ದು ಬರುವುದಿಲ್ಲ. ಕಾಗದದ ಮೇಲಿನ ಮಾತೇ ನಿನ್ನ ಪರವಾಗಿ ನಿಲ್ಲಬೇಕು.

ಇದು ನಮಗೆ ಪರಿಚಯವಿಲ್ಲದ ವಿದ್ಯೆಯೆ? ಯಜಮಾನರಿಗೆ ಕೊಡುವ ಬೇಡಿಕೆ ಪತ್ರವನ್ನು ನಮ್ಮಲ್ಲಿ ಎಷ್ಟು ಜನ ಬರೆದಿಲ್ಲ! ಒಳ್ಳೆಯ ಬೇಡಿಕೆ ಪತ್ರದಲ್ಲಿ ನಾವು ಪ್ರಪಂಚದ ಕಷ್ಟವನ್ನೆಲ್ಲ ತುಂಬುವುದಿಲ್ಲ. ರಾತ್ರಿ ಮಲಗುವ ಕೋಣೆಯಲ್ಲಿ ಇಷ್ಟು ಜನ ಇದ್ದೇವೆ, ಫ್ಯಾನು ಒಂದೇ, ಇನ್ನೊಂದು ಬೇಕು ಎಂದು ಬರೆಯುತ್ತೇವೆ. ಇರುವ ಸಂಗತಿ, ಅದಕ್ಕೆ ಸಾಕ್ಷಿ, ಆಗಬೇಕಾದ ಕೆಲಸ. ಹಾಗೆ ಬರೆದ ಪತ್ರವನ್ನು ಎಂಥ ಯಜಮಾನರಾದರೂ ಓದಿಯೇ ಓದುತ್ತಾರೆ. “ಶ್ರಮಜೀವಿಗಳ ಸರ್ವತೋಮುಖ ಅಭ್ಯುದಯ” ಎಂದು ಆರಂಭಿಸಿದ ಪತ್ರ ಗಲ್ಲಾದ ಡ್ರಾಯರಿನಲ್ಲಿ ಉಳಿಯುತ್ತದೆ.

ಹುಡುಗನನ್ನು ಕೇಳಿದೆ: “ನೀನು ನಿಜವಾಗಿ ಮಾಡಿದ್ದು ಏನು ಮಾರಾಯ? ದೊಡ್ಡ ಮಾತು ಬೇಡ. ನಿಮ್ಮಪ್ಪನಿಗೆ ಹೇಳುವ ಹಾಗೆ ಹೇಳು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದ. ಒಂದು ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳಲಿಕ್ಕೆ ಸಪ್ಲೈಯರುಗಳ ಕೈಗೆ ಗಾಜಿನ ಯಂತ್ರ ಕೊಟ್ಟರು. ಒಂದು ವಾರದಲ್ಲಿ ಎಲ್ಲರೂ ಅದನ್ನು ಮೂಲೆಗಿಟ್ಟು ಹಿಂದಿನಂತೆ ಬಾಯಲ್ಲೇ ಕೂಗತೊಡಗಿದರು. ಕಂಪೆನಿಯವರು, ಇವರಿಗೆ ವಿದ್ಯೆ ಸಾಲದು ಎಂದುಕೊಂಡರು. ಇವನೊಬ್ಬನಿಗೆ ನಿಜ ಕಾರಣ ಗೊತ್ತಿತ್ತು. ಯಾಕೆಂದರೆ ಶಾಲೆಯ ರಜೆಯಲ್ಲೆಲ್ಲ ತಂದೆಯ ಹಿಂದೆ ನಿಂತು ನೋಡಿದವನು. ಸಪ್ಲೈಯರನ ಕೈ ಯಾವಾಗಲೂ ಒದ್ದೆ. ಒದ್ದೆ ಬೆರಳಿಗೆ, ಎಣ್ಣೆ ಬೆರಳಿಗೆ ಆ ಗಾಜು ಸರಿಯಾಗಿ ಓಗೊಡುವುದಿಲ್ಲ. ಇದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮ. ಗಿರಾಕಿ ಮಸಾಲೆ ದೋಸೆ ಮತ್ತು ಕಾಫಿ ಎಂದ ಕೂಡಲೆ ಯಂತ್ರ ಎರಡನ್ನೂ ಒಟ್ಟಿಗೆ ಒಳಗೆ ಕಳುಹಿಸುತ್ತದೆ. ಕಾಫಿಯವರು ತಮ್ಮ ಚೀಟಿ ನೋಡಿ ಕೂಡಲೆ ಬೆರೆಸುತ್ತಾರೆ. ದೋಸೆ ಕಾವಲಿಯಿಂದ ಏಳುವಾಗ ಕಾಫಿ ಆರಿ ಕೆನೆಗಟ್ಟಿರುತ್ತದೆ. ಬೈಗುಳ ಯಾರಿಗೆ? ಸಪ್ಲೈಯರಿಗೆ. ನಮ್ಮ ಹಳೆಯ ಸಪ್ಲೈಯರ್ ಏನು ಮಾಡುತ್ತಾನೆ? ಕಾಫಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾನೆ. ಭಟ್ಟರು ಸಟ್ಟುಗ ಹಾಕಿ ದೋಸೆ ಮಡಿಚುವುದನ್ನು ಕಂಡ ಮೇಲೆ “ಒಂದು ಕಾಫೀ...” ಎಂದು ರಾಗ ಎಳೆಯುತ್ತಾನೆ. ಆರು ಮೇಜಿಗೆ ಆರು ಲೆಕ್ಕ, ಎಲ್ಲವೂ ತಲೆಯಲ್ಲಿ. ಮೂರನೆಯದು, ವಡೆ ಮುಗಿದದ್ದು ಅಡಿಗೆಯವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅದು ವಡೆಯ ಆರ್ಡರನ್ನು ತೆಗೆದುಕೊಳ್ಳುತ್ತಲೇ ಇರುತ್ತದೆ.

ಹುಡುಗ ರಾತ್ರಿ ಕುಳಿತು ತಂತ್ರಾಂಶವನ್ನು ತಿದ್ದಿದ. ಒತ್ತುವ ಗುಂಡಿಗಳನ್ನು ಅಂಗೈಯಗಲ ಮಾಡಿದ. ಕಾಫಿ ಚೀಟಿಯನ್ನು ತಡೆದಿಟ್ಟು, ದೋಸೆ ಕಲ್ಲಿನವರು ಸೂಚನೆ ಕೊಟ್ಟ ಮೇಲೆ ಹೊರಡುವ ಹಾಗೆ ಮಾಡಿದ. ಅಡಿಗೆಮನೆಯಲ್ಲಿ “ಮುಗಿಯಿತು” ಎಂಬ ಒಂದು ಗುಂಡಿ ಇಟ್ಟ. ಅದು ಗಾಜಿನದ್ದಲ್ಲ, ಕರೆಗಂಟೆಯ ಗುಂಡಿಯಂಥದ್ದು, ಮೊಣಕೈಯಲ್ಲೂ ಒತ್ತಬಹುದು. ಮೂಲೆ ಸೇರಿದ್ದ ಯಂತ್ರಗಳು ಪುನಃ ಕೈಗೆ ಬಂದುವು. ಯಾವ ದಿನ ಏನಾಯಿತು ಎಂಬುದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಕೆಟ್ಟು ಹೋದ ದಿನಗಳ ಲೆಕ್ಕವೂ ಅದರಲ್ಲಿ ಉಂಟು.

“ಇದನ್ನು ಯಾಕೆ ಬರೆಯಲಿಲ್ಲ?” ಎಂದೆ.

ತಲೆ ತಗ್ಗಿಸಿದ. ಆಫೀಸಿನಲ್ಲಿ ತಂದೆಯ ಕೆಲಸ ಏನೆಂದು ಯಾರಿಗೂ ಹೇಳಿರಲಿಲ್ಲವಂತೆ. ಇದನ್ನೆಲ್ಲ ಬರೆದರೆ, ಇವನಿಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ!

ಬಂಧುಗಳೆ, ಈ ಲೇಖನ ಬರೆಯಲಿಕ್ಕೆ ನಿಜವಾದ ಕಾರಣ ಇದೇ. ಪ್ರಸ್ತಾಪ ತಿರುಗಿ ಬಂದದ್ದು ದೊಡ್ಡದಲ್ಲ. ಅವನಲ್ಲಿದ್ದ ಅತ್ಯಂತ ಬೆಲೆಬಾಳುವ ಸಂಗತಿಯನ್ನು ಅವನೇ ಮುಚ್ಚಿಟ್ಟು, ಯಾರದ್ದೋ ಹಳಸಲು ಮಾತನ್ನು ಬಡಿಸಿದನಲ್ಲ, ಅದು ನನಗೆ ಸಂಕಟವಾಯಿತು. ಆ ನಾಚಿಕೆಯನ್ನು ಅವನಿಗೆ ಕಲಿಸಿದವರಲ್ಲಿ ನಾವೂ ಇದ್ದೇವೆ. ಊರಿಗೆ ಹೋದಾಗ “ಮದರಾಸಿನಲ್ಲಿ ಏನು ಮಾಡಿಕೊಂಡಿದ್ದೀರಿ” ಎಂದು ಕೇಳಿದರೆ “ಬಿಸಿನೆಸ್” ಎಂದವರು ನಮ್ಮಲ್ಲಿ ಎಷ್ಟು ಮಂದಿ? ನಾನೂ ಎಂದಿದ್ದೇನೆ.

ಅಡಿಗೆಮನೆಯದ್ದು ತಂತ್ರಜ್ಞಾನವೇ ಎಂದು ಕೇಳುವವರಿಗೆ ಒಂದೆರಡು ಮಾತು. ಇಡ್ಲಿ ಹಿಟ್ಟು ಉಬ್ಬುವುದು ಯಾತರಿಂದ? ಉದ್ದಿನ ಬೇಳೆಯ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಎಂಬ ಸೂಕ್ಷ್ಮಜೀವಿಯಿಂದ ಎಂದು 1965ರಲ್ಲಿ ವಿಜ್ಞಾನಿಗಳು ಪ್ರಬಂಧ ಪ್ರಕಟಿಸಿದರು. ಒಳ್ಳೆಯ ಕೆಲಸ. ಆದರೆ ಉದ್ದು ಕೆಟ್ಟರೆ ಇಡ್ಲಿ ಕೆಟ್ಟಿತೆಂಬುದು, ಮೇ ತಿಂಗಳ ಮದರಾಸಿನ ಸೆಕೆಯಲ್ಲಿ ಮಂಜುಗಡ್ಡೆಯ ನೀರು ಹಾಕಿ ರುಬ್ಬಬೇಕೆಂಬುದು, ಡಿಸೆಂಬರಿನ ಮಳೆಗಾಲದಲ್ಲಿ ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಬೇಕೆಂಬುದು ನಮ್ಮ ಭಟ್ಟರುಗಳಿಗೆ ಯಾವ ಪ್ರಬಂಧ ಓದಿಯೂ ಬಂದದ್ದಲ್ಲ. ಮೈಸೂರಿನಲ್ಲಿ 1988ರಿಂದ ಆಹಾರ ತಂತ್ರಜ್ಞರ ಅಂತರರಾಷ್ಟ್ರೀಯ ಸಮಾವೇಶಗಳು ನಡೆದಿವೆ. ಮಿಲ್ಲಿನ ಬಂಧುಗಳಿಗೆ ಗೊತ್ತಿರುವಂತೆ ಅಹಮದಾಬಾದು, ಮುಂಬಯಿ, ಕೊಯಮತ್ತೂರುಗಳ ಜವಳಿ ಸಂಶೋಧನಾ ಸಂಸ್ಥೆಗಳು ಸೇರಿ ದಶಕಗಳ ಕಾಲ ಜಂಟಿ ತಾಂತ್ರಿಕ ಸಮ್ಮೇಳನ ನಡೆಸಿವೆ. ನೂಲು ಯಾಕೆ ಕಡಿಯುತ್ತದೆ ಎಂಬುದು ಅಲ್ಲಿ ಚರ್ಚೆಯಾಗುವ ವಿಷಯ. ಕಡಿದ ನೂಲನ್ನು ದಿನವಿಡೀ ಗಂಟು ಹಾಕಿದವರು ಆ ವೇದಿಕೆಯಲ್ಲಿ ಎಷ್ಟು ಸಲ ನಿಂತಿದ್ದಾರೆ?

ಇದೇ ಊರಿನ ಇನ್ನೊಂದು ಉದಾಹರಣೆ. ಕೃಷ್ಣರಾಯರ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 1962ರಿಂದ 2008ರ ತನಕ ಕತೀಡ್ರಲ್ ರಸ್ತೆಯಲ್ಲಿತ್ತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಕಾರಿನ ಬಾಗಿಲಿಗೆ ಸಿಕ್ಕಿಸುವ ತಟ್ಟೆಯಲ್ಲಿ ಅಲ್ಲಿ ತಿಂಡಿ ಬರುತ್ತಿತ್ತು. ಸಾಂಬಾರು ಚೆಲ್ಲದಂತೆ ಆ ತಟ್ಟೆಯನ್ನು ಸಿಕ್ಕಿಸುವುದು, ಯಾವ ಮರದ ಕೆಳಗೆ ಯಾವ ಕಾರು ಎಂದು ನೆನಪಿಡುವುದು, ಇವೆಲ್ಲ ವಿದ್ಯೆಯೇ ಸರಿ. ಆ ಹೋಟೆಲಿನ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಬರೆದವರೆಲ್ಲ ತಿಂದವರು.

ನಾವು ಮಾತಾಡದೆ ಇದ್ದರೆ ಆಗುವ ನಷ್ಟ ಬರಿಯ ಗೌರವದ್ದಲ್ಲ. ಈ ದಿನಗಳಲ್ಲಿ ಗಿರಾಕಿ ಫೋನಿನಲ್ಲಿ ಕೊಡುವ ನಕ್ಷತ್ರಗಳ ಲೆಕ್ಕದ ಮೇಲೆ ಹೋಟೆಲಿನ ಹೆಸರು ನಿಂತಿದೆ. ಪಾರ್ಸೆಲ್ ಇಷ್ಟು ನಿಮಿಷದಲ್ಲಿ ತಯಾರಾಗಬೇಕೆಂದು ಯಂತ್ರ ಹೇಳುತ್ತದೆ. ಭಟ್ಟರು ಕಾವಲಿಯ ಮುಂದೆ ಆ ನಿಮಿಷಕ್ಕೆ ಓಡುತ್ತಾರೆ. ಈ ನಿಯಮಗಳನ್ನು ಬರೆಯುವ ತರುಣರು ದುಷ್ಟರಲ್ಲ. ಅವರಿಗೆ ಒದ್ದೆ ಕೈ ಗೊತ್ತಿಲ್ಲ, ಅಷ್ಟೆ. ಅವರು ಒಟ್ಟು ಸೇರಿ ಕಲಿಯುವ ಜಾಗವೇ ಈ ಸಮ್ಮೇಳನ. ಅಲ್ಲಿ ಹೋಗಿ ಅರ್ಧ ಗಂಟೆ ಹೇಳುವುದಕ್ಕೆ ಅವಕಾಶವಿದ್ದಾಗ ನಾವು ಹಿಂದೆ ನಿಂತರೆ, ಆಮೇಲೆ ಬಾಗಿಲಲ್ಲಿ ಘೋಷಣೆ ಕೂಗಿ ಪ್ರಯೋಜನ ಕಡಮೆ.

ಸಮ್ಮೇಳನದಿಂದ ಏನಾದೀತು ಎಂದು ನಮ್ಮ ಸಮಿತಿಯ ಹಿರಿಯರೊಬ್ಬರು ಕೇಳಿದರು. 1999ರ ಫೆಬ್ರವರಿಯಲ್ಲಿ ಇದೇ ಚೆನ್ನೈಯಲ್ಲಿ ತಮಿಳ್‌ನೆಟ್ ಎಂಬ ಸಮ್ಮೇಳನ ನಡೆಯಿತು. ಕಂಪ್ಯೂಟರಿನಲ್ಲಿ ತಮಿಳು ಅಕ್ಷರ ಒತ್ತುವ ಕೀಲಿಮಣೆ ಹೇಗಿರಬೇಕೆಂದು ಅಲ್ಲಿ ಚರ್ಚೆಯಾಗಿ, ಅದೇ ವರ್ಷ ಸರಕಾರ ಅದನ್ನು ಒಪ್ಪಿತು. ಅಲ್ಲಿ ಬಾಯಿ ತೆರೆದವರ ಮಾತು ಕೋಟ್ಯಂತರ ಜನರ ಬೆರಳಿಗೆ ಬಂತು. ನಮ್ಮ ಕನ್ನಡದಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ಹೊಂದಿಸಿದ ಕೀಲಿಮಣೆಯೇ ಮುಂದೆ ನುಡಿ ತಂತ್ರಾಂಶದ ಮೂಲಕ ಎಲ್ಲ ಕಡೆ ಹರಡಿತು.

ಇನ್ನೂ ಹಿಂದೆ ಹೋಗೋಣ. ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳು 1996ರಲ್ಲಿ ಮುಚ್ಚಿದುವು. ಆದರೆ ಆ ಮಿಲ್ಲಿನ ಕೂಲಿಗಾರರಿಂದಲೇ 1918ರ ಏಪ್ರಿಲ್ 27ರಂದು ಮದರಾಸು ಲೇಬರ್ ಯೂನಿಯನ್ ಹುಟ್ಟಿತು. ಅದರ ಆರಂಭ ಹೇಗೆ? ಮಧ್ಯಾಹ್ನದ ಊಟಕ್ಕೆ ಕೊಡುವ ಬಿಡುವು ಸಾಲುವುದಿಲ್ಲ ಎಂಬ ಒಂದು ಸಣ್ಣ, ಖಚಿತವಾದ ಸಂಗತಿಯನ್ನು ಹಿಡಿದುಕೊಂಡು ಸೆಲ್ವಪತಿ ಚೆಟ್ಟಿಯಾರರೂ ರಾಮಾನುಜುಲು ನಾಯಡುಗಳೂ ಬಿ. ಪಿ. ವಾಡಿಯಾ ಅವರನ್ನು ಕಂಡರು. ವಾಡಿಯಾ ಅದನ್ನು ಸಭೆಯಲ್ಲಿ ಹೇಳಿದರು. ಗಡಿಯಾರ ನೋಡಿ ಊಟ ನುಂಗಿದವರ ಬಾಯಿಂದ ಬಂದದ್ದರಿಂದಲೇ ಆ ಮಾತಿಗೆ ಬಲ ಇತ್ತು.

ಪರದೇಶದ್ದೂ ಒಂದು ಕೇಳಿ. ಇಂಗ್ಲೆಂಡಿನ ಲ್ಯೂಕಸ್ ಏರೋಸ್ಪೇಸ್ ಕಾರ್ಖಾನೆಗಳಲ್ಲಿ ಕೆಲಸ ಹೋಗುವ ಭೀತಿ ಬಂದಾಗ ಕಾರ್ಮಿಕ ಪ್ರತಿನಿಧಿಗಳು ಮೊದಲು ವಿದ್ವಾಂಸರಿಗೂ ಸಂಸ್ಥೆಗಳಿಗೂ ಕಾಗದ ಬರೆದು ಸಲಹೆ ಕೇಳಿದರು. ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಆಮೇಲೆ ತಮ್ಮ ಜನರನ್ನೇ ಕೇಳಿದರು. 1976ರಲ್ಲಿ ಸುಮಾರು 150 ಹೊಸ ವಸ್ತುಗಳ ಯೋಜನೆ ತಯಾರಾಯಿತು. ಕಂಪೆನಿ ಅದನ್ನು ಒಪ್ಪಲಿಲ್ಲ, ನಿಜ. ಆದರೆ ಇವತ್ತಿಗೂ ತಂತ್ರಜ್ಞಾನದ ವಿದ್ಯಾರ್ಥಿಗಳು ಆ ಯೋಜನೆಯನ್ನು ಓದುತ್ತಾರೆ.

ಈಗ ಭಾಷೆಯ ವಿಷಯ. ಪ್ರಸ್ತಾಪವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಕೊಡಬೇಕು. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ನಮ್ಮ ನೆರೆಯ ಕಾಂಚೀಪುರದ ಲಿನಕ್ಸ್ ಬಳಗದವರೂ ವಿಳುಪ್ಪುರದವರೂ ಹಳ್ಳಿಯ ವಿದ್ಯಾರ್ಥಿಗಳಿಗೆ ತಮಿಳಿನಲ್ಲೇ ಇಂಥ ಉಪನ್ಯಾಸ ನಡೆಸಿದ್ದಾರೆ, ಆಗದ ಮಾತೇನಲ್ಲ. ಬೆಂಗಳೂರಿನಲ್ಲಿ ನಡೆಯುವ ಸಮ್ಮೇಳನಕ್ಕೆ ಕನ್ನಡದಲ್ಲಿ ಪ್ರಸ್ತಾಪ ಕೊಡಬಹುದೆಂಬ ಒಂದು ಸಾಲು ಸೇರಿಸಿದರೆ ಏನು ಗಂಟು ಹೋಗುತ್ತದೆ? ನಾವು ಕೇಳಬೇಕು. ಆದರೆ ಅದು ಆಗುವ ತನಕ ಕೈಕಟ್ಟಿ ಕೂರುವ ಪಕ್ಷ ನನ್ನದಲ್ಲ. ಮೊದಲು ಕನ್ನಡದಲ್ಲಿ ಸರಿಯಾಗಿ ಬರೆಯಿರಿ. ಕನ್ನಡದಲ್ಲಿ ಸ್ಪಷ್ಟವಾದದ್ದು ಇಂಗ್ಲಿಷಿಗೂ ಸ್ಪಷ್ಟವಾಗಿ ಹೋಗುತ್ತದೆ. ಯಂತ್ರಕ್ಕೆ ಹೇಳಿ ಬರೆಸುವುದು ಮಾತ್ರ ಬೇಡ. ಆರಿಸುವವರ ಮುಂದೆ ಈಗ ಒಂದೇ ಅಚ್ಚಿನ ಯಂತ್ರದ ಬರಹ ರಾಶಿ ಬೀಳುತ್ತಿದೆ. ಅದರ ನಡುವೆ ಮುರುಕು ಇಂಗ್ಲಿಷಿನ ನಿಜವಾದ ಮಾತೇ ಎದ್ದು ಕಾಣುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಸಮ್ಮೇಳನವೂ ಸಮ್ಮೇಳನವಲ್ಲ. ನಮ್ಮ ಪರಿಚಯದ ಒಬ್ಬ ಮಿಲ್ಲಿನ ಗೆಳೆಯರ ಮಗಳಿಗೆ ಒಂದು ಕಡೆಯಿಂದ ಕಾಗದ ಬಂತು: ತಾವು ಶ್ರೇಷ್ಠ ತಜ್ಞರು, ತಮ್ಮನ್ನು ಆರಿಸಿದ್ದೇವೆ, ಇಷ್ಟು ಸಾವಿರ ಕಟ್ಟಿ. ಏನು ಮಾತಾಡುತ್ತೀರಿ ಎಂದು ಕೇಳುವ ಮೊದಲೇ ಆರಿಸಿದ್ದರು! ಅವಳು ಕಟ್ಟಿಬಿಟ್ಟಳು, ಹಣ ಹೋಯಿತು. ಒಳ್ಳೆಯ ಸಮ್ಮೇಳನದಲ್ಲಿಯೂ ಪ್ರವೇಶ ಶುಲ್ಕ ಇರಬಹುದು. ಹಲವು ಕಡೆ ಉಪನ್ಯಾಸಕರಿಗೆ ಅದು ಮಾಫಿ, ಕೆಲವು ಕಡೆ ಪ್ರಯಾಣಕ್ಕೂ ಸಹಾಯ ಉಂಟು. ಕೇಳಲಿಕ್ಕೆ ಸಂಕೋಚ ಬೇಡ. ಆದರೆ ಹೊಗಳಿ ಹಣ ಕೇಳಿದವನಿಗೆ ಒಂದು ರೂಪಾಯಿ ಕೊಡಬೇಡಿ.

ಮತ್ತೆ ಹುಡುಗನ ಸಂಗತಿ. ನಾವಿಬ್ಬರೂ ಕೂತು ಹೊಸ ಪ್ರಸ್ತಾಪ ಬರೆದೆವು. ನಾನೇನು ಬರೆದೆ ಎಂದಲ್ಲ. ಅವನು ಬರೆದ, ನಾನು ಅರ್ಥವಾಗದ ಕಡೆ ನಿಲ್ಲಿಸಿದೆ. ಶೀರ್ಷಿಕೆ: ಒದ್ದೆ ಕೈಯವರ ಆರ್ಡರ್ ಯಂತ್ರ. ಯಾರಿಗೆ? ಅಂಗಡಿ, ಹೋಟೆಲು, ಆಸ್ಪತ್ರೆಗಳಂಥ ಕಡೆ ನಿಂತು ಕೆಲಸ ಮಾಡುವವರಿಗೆ ತಂತ್ರಾಂಶ ಬರೆಯುವವರಿಗೆ. ಅರ್ಧ ಗಂಟೆಯನ್ನು ಹಂಚಿದ್ದು ಹೀಗೆ: ಅಡಿಗೆಮನೆ ಹೇಗೆ ನಡೆಯುತ್ತದೆ ಎಂಬುದಕ್ಕೆ 5 ನಿಮಿಷ, ಮೊದಲ ಯಂತ್ರ ಎಲ್ಲಿ ಸೋತಿತು ಎಂಬುದಕ್ಕೆ 10, ತಿದ್ದಿದ್ದು ಹೇಗೆ ಎಂಬುದಕ್ಕೆ 10, ಪ್ರಶ್ನೆಗಳಿಗೆ 5. ಇನ್ನೂ ಸರಿಯಾಗದೆ ಉಳಿದದ್ದು ಏನು ಎಂದೂ ಎರಡು ಸಾಲು ಹಾಕಿಸಿದೆ. ಅವನಿಗೆ ಅದು ಇಷ್ಟವಿರಲಿಲ್ಲ. ಸೋತದ್ದನ್ನು ಹೇಳುವವನ ಮಾತನ್ನು ಗೆದ್ದ ಕಡೆಯೂ ನಂಬುತ್ತಾರೆ ಎಂದು ವಾದಿಸಿ ಒಪ್ಪಿಸಿದೆ.

“ನೀವು ಯಾರು” ಎಂಬ ಜಾಗ ಬಂದಾಗ ಪೆನ್ನು ನಿಂತಿತು. ನಾನು ಒತ್ತಾಯ ಮಾಡಲಿಲ್ಲ. ಅದು ಒತ್ತಾಯ ಮಾಡಿ ಬರೆಸುವ ಸಾಲಲ್ಲ. ಕಾಗದವನ್ನು ಮನೆಗೆ ತೆಗೆದುಕೊಂಡು ಹೋದ.

ನಮ್ಮ ಸಂಘದ ಮುಂದೆ ನನ್ನದೊಂದು ಸೂಚನೆ ಇದೆ. ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ ಮೂರೂವರೆಯಿಂದ ಐದರ ತನಕ, ವಾಚನಾಲಯವನ್ನು ಇದಕ್ಕಾಗಿ ತೆರೆದಿಡಬೇಕು. ನಮ್ಮ ಮಕ್ಕಳಲ್ಲಿ ಹಳೆಯ ಮಹಾಬಲಿಪುರಂ ರಸ್ತೆಯ ಕಂಪೆನಿಗಳಲ್ಲಿರುವವರು ಕೆಲವರು ಬರಲಿ. ಅಡಿಗೆಯವರು, ಸಪ್ಲೈಯರುಗಳು, ಮಿಲ್ಲಿನಲ್ಲಿದ್ದ ಹಿರಿಯರು ಬರಲಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಬರೆಯಬಲ್ಲವರು ಬರೆದುಕೊಳ್ಳಲಿ. ಆದರೆ ಪ್ರಸ್ತಾಪದಲ್ಲಿ ಇಬ್ಬರ ಹೆಸರೂ ಇರಬೇಕು. ಈ ಮಾತಿನಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ಭಟ್ಟರ ಜ್ಞಾನವನ್ನು ಹುಡುಗನೊಬ್ಬ ತನ್ನದೆಂದು ಹೇಳಿ ಚಪ್ಪಾಳೆ ತೆಗೆದುಕೊಂಡರೆ ಮೊದಲಿದ್ದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಪ್ರಾವಿಡೆಂಟ್ ಫಂಡು, ಇ.ಎಸ್.ಐ. ಕೆಲಸಗಳೇ ಬಾಕಿ ಇರುವಾಗ ಇದಕ್ಕೆ ಸಂಘದ ಹೊತ್ತು ಯಾಕೆ ಎಂದು ಕೆಲವರ ಆಕ್ಷೇಪ ಉಂಟು. ಆ ಕೆಲಸ ವಾರದ ದಿನಗಳಲ್ಲಿ ನಡೆಯುತ್ತದೆ, ನಡೆಯಲಿ. ನಾನು ಕೇಳುವುದು ತಿಂಗಳಿಗೆ ಒಂದೂವರೆ ಗಂಟೆ ಮತ್ತು ಒಂದು ಕಾಫಿ.

ಹುಡುಗ ನಿನ್ನೆ ಪುನಃ ಬಂದಿದ್ದ. ಪ್ರಸ್ತಾಪ ಕಳುಹಿಸಿ ಆಯಿತಂತೆ. ಉತ್ತರ ಬರಲಿಕ್ಕೆ ಎರಡು ತಿಂಗಳು. ಅಷ್ಟರಲ್ಲಿ ಊರಿನ ಒಂದು ಸಣ್ಣ ಮಾಸಿಕ ಕೂಟದಲ್ಲಿ ಇದನ್ನೇ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತಾನೆ. ಕಳುಹಿಸುವ ಮೊದಲು ರಾತ್ರಿ ತಂದೆಗೆ ಓದಿ ಹೇಳಿದನಂತೆ. ತಂದೆ ಪೂರ್ತಿ ಕೇಳಿ, ಕಾಫಿಯ ಭಾಗದಲ್ಲಿ ಒಂದು ತಪ್ಪು ಇದೆ ಎಂದರಂತೆ: ಕೆಲವು ಗಿರಾಕಿಗಳಿಗೆ ಕಾಫಿ ಮೊದಲೇ ಬೇಕು, ಆಮೇಲೆ ತಿಂಡಿ, ಮುದುಕರು ಹೆಚ್ಚಾಗಿ ಹಾಗೆ, ಅವರು ಕೂರುವ ರೀತಿಯಲ್ಲೇ ಗೊತ್ತಾಗುತ್ತದೆ, ಅದನ್ನು ನಿನ್ನ ಯಂತ್ರಕ್ಕೆ ಹೇಳಿದ್ದೀಯೊ? ಹೇಳಿರಲಿಲ್ಲ. ಇನ್ನೂ ಸರಿಯಾಗದೆ ಉಳಿದದ್ದು ಎಂಬ ಸಾಲುಗಳ ಕೆಳಗೆ ಅದನ್ನು ಸೇರಿಸಿ, ಹೇಳಿದವರು ಯಾರು ಎಂದೂ ಬರೆದು ಕಳುಹಿಸಿದ್ದಾನೆ.